ಹಾಡು ಕಲಿಸಿದ ಇಂಗ್ಲಿಷು

ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಊರಲ್ಲಿ ಜಾತ್ರೆ, ಎರಡು ದಿನ ರಜೆ ಬೇಕಿತ್ತು. ಮ್ಯಾನೇಜರಿಗೆ ಒಂದು ಮೇಲ್ ಬರೆದೆ. 'ಐ ವಾನಾ ಟೇಕ್ ಲೀವ್' ಅಂತ ಶುರು ಮಾಡಿ, 'ಕಾಸ್ ಐ ಆಮ್ ಗೊನಾ ಗೋ ಟು ಮೈ ವಿಲೇಜ್' ಅಂತ ಮುಗಿಸಿದ್ದೆ. ರಜೆಯೇನೋ ಸಿಕ್ತು. ಜಾತ್ರೆ ಮುಗಿಸಿ ಬರುವ ಹೊತ್ತಿಗೆ ಆ ಮೇಲು ಯಾರ ಯಾರ ಕೈಗೋ ಫಾರ್ವರ್ಡ್ ಆಗಿತ್ತು. ಒಂದು ವಾರ ನನ್ನನ್ನು ಕಂಡಾಗಲೆಲ್ಲ ಟೀಮಿನವರು 'ಐ ವಾನಾ ಕಾಫಿ' ಅಂತಿದ್ದರು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ? ರಾತ್ರಿ ಪಿಜಿಗೆ ಹೋಗಿ ನಿಘಂಟು ತೆಗೆದು ನೋಡಿದೆ. ಅದರಲ್ಲಿ ಆ ಮೂರು ಪದಗಳಲ್ಲಿ ಒಂದೂ ನಾನಂದುಕೊಂಡ ಅರ್ಥದಲ್ಲಿ ಇರಲಿಲ್ಲ.

ತಪ್ಪು ನನ್ನ ಗುರುಗಳದ್ದು. ಗುರುಗಳು ಅಂದ್ರೆ ಮೇಷ್ಟ್ರಲ್ಲ, ಹಾಡುಗಾರರು.

ನಾನು ಓದಿದ್ದು ಸರ್ಕಾರಿ ಕನ್ನಡ ಶಾಲೆ. ಆಗ ನಮಗೆ ಎ ಬಿ ಸಿ ಡಿ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿಗೆ. ಹತ್ತನೇ ಕ್ಲಾಸಿನ ತನಕ ಇಂಗ್ಲಿಷ್ ಅಂದ್ರೆ ಪ್ರಶ್ನೋತ್ತರ ಬಾಯಿಪಾಠ ಮಾಡಿ ಪಾಸಾಗುವ ಸಬ್ಜೆಕ್ಟು, ಮಾತಾಡುವ ಭಾಷೆಯಲ್ಲ. ಪಿಯುಸಿ ಹೇಗೋ ದಾಟಿ ಬೆಂಗಳೂರಿಗೆ ಬಿಇಗೆ ಬಂದು ಬಿದ್ದಾಗ ಸುತ್ತಲೂ ಬರೀ ಇಂಗ್ಲಿಷು. ಹಾಸ್ಟೆಲಿನ ನನ್ನ ರೂಮ್‌ಮೇಟ್ ಹಾವೇರಿ ಕಡೆಯ ಹುಡುಗ. ಅವನೂ ನನ್ನ ಹಾಗೇ ಕನ್ನಡ ಮೀಡಿಯಂ. ಲೆಕ್ಕದಲ್ಲಿ ನನಗಿಂತ ಎಷ್ಟೋ ಪಾಲು ಚುರುಕು, ಜೊತೆಗೆ ಒಳ್ಳೆ ಕಂಠ. ಭಜನೆ ಮೇಳದಲ್ಲಿ ಹಾಡಿ ಬೆಳೆದವನು. ಸೀನಿಯರ್ ಒಬ್ಬ ಬಿಟ್ಟುಹೋದ ಟೇಪ್ ರೆಕಾರ್ಡರ್, ಜೊತೆಗೆ ಏಳೆಂಟು ಇಂಗ್ಲಿಷ್ ಕ್ಯಾಸೆಟ್ಟು ನಮ್ಮ ಪಾಲಿಗೆ ಬಂದವು. ಇಬ್ಬರೂ ಸೇರಿ ಒಂದು ನೂರು ಪುಟದ ನೋಟ್‌ಬುಕ್ ತಂದು, ಹಾಡು ನಿಲ್ಲಿಸಿ ನಿಲ್ಲಿಸಿ, ಕಿವಿಗೆ ಬಿದ್ದದ್ದನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳತೊಡಗಿದೆವು. 'ಬಿಕಾಸ್' ಅನ್ನೋದನ್ನು ಹಾಡುಗಾರರು ಬಾಲ ಮಾತ್ರ ಉಳಿಸಿ 'ಕಾಸ್' ಅಂತಾರಲ್ಲ, ಅದನ್ನು ನಾವು ಬಹಳ ದಿನ ಕಾಸು ಅಂತಲೇ ತಿಳಿದಿದ್ದೆವು. 'ಏನೋ ಮಾರಾಯ, ಇವರ ಪ್ರೀತಿ ಹಾಡಲ್ಲೂ ದುಡ್ಡಿನ ಮಾತೇ' ಅಂತ ಅವನು ಬೇಜಾರು ಮಾಡಿಕೊಂಡಿದ್ದ.

ನಮ್ಮಿಬ್ಬರದ್ದು ಭಾರೀ ಪೆದ್ದು ಕೆಲಸ ಅಂತಲೇ ಎಷ್ಟೋ ವರ್ಷ ನಾಚಿಕೆಯಿತ್ತು. ಆಮೇಲೆ ಓದುತ್ತಾ ಹೋದ ಹಾಗೆ ಒಂದು ವಿಷಯ ತಿಳೀತು. ಅರ್ಧ ಪ್ರಪಂಚ ಇದೇ ಕೆಲಸ ಮಾಡಿದೆ. ಅದರಲ್ಲೂ ನಮಗಿಂತ ಕಷ್ಟದಲ್ಲಿ ಮಾಡಿದವರು ಸೋವಿಯತ್ ರಷ್ಯಾದ ಹುಡುಗರು.

ಎರಡನೇ ಮಹಾಯುದ್ಧ ಮುಗಿದ ಹೊಸತು. ಲೆನಿನ್‌ಗ್ರಾಡ್ ಊರು. ಅಮೆರಿಕದ ಜಾಝ್, ದೇಶ ಬಿಟ್ಟುಹೋದ ರಷ್ಯನ್ ಗಾಯಕರ ಹಾಡು, ಇಂಥವೆಲ್ಲ ಅಧಿಕೃತ ಅಂಗಡಿಯಲ್ಲಿ ಸಿಗುವಂತಿರಲಿಲ್ಲ. ಗ್ರಾಮಫೋನ್ ಪ್ಲೇಟು ಮಾಡೋಣ ಅಂದ್ರೆ ಅದಕ್ಕೆ ಬೇಕಾದ ಪದಾರ್ಥವೂ ಇಲ್ಲ. ಆಗ ಕೆಲವರ ಕಣ್ಣಿಗೆ ಬಿದ್ದದ್ದು ಆಸ್ಪತ್ರೆಯ ಹಳೇ ಎಕ್ಸ್‌ರೇ ಫಿಲ್ಮ್. ಅದನ್ನು ಕತ್ತರಿಯಲ್ಲಿ ದುಂಡಗೆ ಕತ್ತರಿಸಿ, ನಡುವೆ ಸಿಗರೇಟಿನ ಕೆಂಡದಿಂದ ತೂತು ಸುಟ್ಟು, ಕೈಯಾರೆ ಕಟ್ಟಿದ ಯಂತ್ರದಲ್ಲಿ ಹಾಡಿನ ಗೆರೆ ಕೊರೆಯುತ್ತಿದ್ದರು. ಬೆಳಕಿಗೆ ಹಿಡಿದರೆ ಯಾರದ್ದೋ ಪಕ್ಕೆಲುಬು, ಯಾರದ್ದೋ ತಲೆಬುರುಡೆ. ಜನ ಅದಕ್ಕೆ 'ಮೂಳೆ ಮೇಲಿನ ಸಂಗೀತ' ಅಂತ ಕರೆದರು. ಒಂದೇ ಬದಿಗೆ ಹಾಡು, ಬರೀ ಕರಕರ ಸದ್ದು, ಹತ್ತಾರು ಸಲ ಹಾಕಿದರೆ ಸವೆದೇ ಹೋಗುತ್ತಿತ್ತು. ರುಸ್ಲಾನ್ ಬೊಗೊಸ್ಲೊವ್ಸ್ಕಿ ಎಂಬ ಯುವಕ ಇಂಥ ಯಂತ್ರ ಕಟ್ಟಿದವರಲ್ಲಿ ಹೆಸರುವಾಸಿ. ಅದಕ್ಕಾಗಿ ಅವನು ಜೈಲಿಗೂ ಹೋದ. 1958ರಲ್ಲಿ ಇಂಥ ಪ್ಲೇಟು ಮಾಡುವುದನ್ನು ಸರ್ಕಾರ ಕಾನೂನು ತಂದೇ ನಿಷೇಧಿಸಿತು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಎಕ್ಸ್‌ರೇ ಪ್ಲೇಟಿನ ಹಾಡೆಲ್ಲ ಇಂಗ್ಲಿಷಿನದ್ದಲ್ಲ. ಬಹುಪಾಲು ರಷ್ಯನ್ ಹಾಡುಗಳೇ, ಆಮೇಲೆ ಜಾಝ್ ಮತ್ತು ರಾಕ್ ಬಂದವು. ಬೀಟಲ್ಸ್ ಕಾಲ ಬರುವ ಹೊತ್ತಿಗೆ ಮನೆಗಳಲ್ಲಿ ಟೇಪ್ ರೆಕಾರ್ಡರ್ ಬಂದು, ಒಬ್ಬರಿಂದೊಬ್ಬರಿಗೆ ಕಾಪಿ ಆಗುತ್ತಾ ಹಾಡು ಹರಡುತ್ತಿತ್ತು. ಕಾಪಿಯ ಕಾಪಿಯ ಕಾಪಿ. ಅದರಲ್ಲಿ ಪದ ಹುಡುಕುವುದು ಎಂಥ ಕಷ್ಟ ಅಂತ ಟೇಪಿನ ತಲೆಯನ್ನು ಹತ್ತಿ ಉಂಡೆಯಿಂದ ಒರೆಸಿ ಹಾಡು ಕೇಳಿದ ನನ್ನ ವಯಸ್ಸಿನವರಿಗೆ ಚೆನ್ನಾಗಿ ಗೊತ್ತು.

ಸರ್ಕಾರಿ ಕಂಪನಿ ಮೆಲೋದಿಯಾ 1967ರಲ್ಲಿ ಒಂದು ಹಾಡುಗಳ ಸಂಕಲನ ತಂದಿತು. ಅದರಲ್ಲಿ ಬೀಟಲ್ಸ್‌ನ 'ಗರ್ಲ್' ಕೂಡ ಇತ್ತು. ಆದರೆ ಬೀಟಲ್ಸ್ ಅನ್ನೋ ಹೆಸರಿಲ್ಲ! 'ಇಂಗ್ಲಿಷ್ ಜನಪದ ಗೀತೆ' ಅಂತ ಅಚ್ಚು ಹಾಕಿದ್ದರು. ಆ ಬೀಟಲ್ಸ್ ಒಟ್ಟಿಗೆ ಒಮ್ಮೆಯೂ ಸೋವಿಯತ್ ನೆಲದಲ್ಲಿ ಹಾಡಲಿಲ್ಲ. ಅವರಲ್ಲೊಬ್ಬನಾದ ಪಾಲ್ ಮೆಕಾರ್ಟ್ನಿ ಮಾಸ್ಕೋದ ಕೆಂಪು ಚೌಕದಲ್ಲಿ ಹಾಡಿದ್ದು 2003ರ ಮೇ ತಿಂಗಳಲ್ಲಿ. ಆಗ ಸೋವಿಯತ್ ಒಕ್ಕೂಟವೇ ಇರಲಿಲ್ಲ. ಕೇಳಲು ಬಂದಿದ್ದವರಲ್ಲಿ ತಲೆ ನರೆತ ಜನ ಎಷ್ಟೋ ಇದ್ದರು. ಅವರಿಗೆ ಆ ಹಾಡುಗಳು ಹಾಡಷ್ಟೇ ಅಲ್ಲ, ಮೊದಲ ಇಂಗ್ಲಿಷ್ ಪಾಠ ಕೂಡ.

ಇನ್ನೊಂದು ಕಡೆಯಿಂದ ಅಮೆರಿಕವೂ ಕೆಲಸ ಮಾಡ್ತಾ ಇತ್ತು ಅನ್ನಿ. 1955ರಲ್ಲಿ ವಾಯ್ಸ್ ಆಫ್ ಅಮೆರಿಕ ರೇಡಿಯೋದಲ್ಲಿ ವಿಲ್ಲಿಸ್ ಕಾನೋವರ್ ಎಂಬಾತ ಜಾಝ್ ಕಾರ್ಯಕ್ರಮ ಶುರು ಮಾಡಿದ. ಗಂಭೀರವಾದ ದನಿ. ಕೇಳುವವರಿಗೆ ಇಂಗ್ಲಿಷ್ ತಾಯ್ನುಡಿಯಲ್ಲ ಅಂತ ಗೊತ್ತಿದ್ದೇ ಒಂದೊಂದೇ ಪದವನ್ನು ಬಿಡಿಸಿ, ನಿಧಾನವಾಗಿ ಹೇಳುತ್ತಿದ್ದ. ರಷ್ಯನ್ ಭಾಷೆಯ ಪ್ರಸಾರಗಳಿಗೆ ಸೋವಿಯತ್ ಸರ್ಕಾರ ಗೊರಗೊರ ಸದ್ದು ಸೇರಿಸಿ ಕೇಳದಂತೆ ಮಾಡುತ್ತಿತ್ತು. ಇಂಗ್ಲಿಷ್ ಪ್ರಸಾರಗಳನ್ನು ಸಾಮಾನ್ಯವಾಗಿ ಹಾಗೇ ಬಿಟ್ಟುಬಿಡುತ್ತಿತ್ತು. ಹಾಗಾಗಿ ಸಂಗೀತಕ್ಕೆ ಅಂತ ರೇಡಿಯೋ ಹಚ್ಚಿದವರು ಕಾನೋವರ್‌ನ ಇಂಗ್ಲಿಷನ್ನೂ ಕೇಳಿಸಿಕೊಂಡರು. 1959ರಲ್ಲಿ ಆತ ಪೋಲೆಂಡಿನ ವಾರ್ಸಾಗೆ ಹೋದಾಗ ವಿಮಾನ ನಿಲ್ದಾಣದ ತುಂಬ ಜನ, ಹೂವು, ಕ್ಯಾಮೆರಾ. ಯಾರೋ ದೊಡ್ಡ ಮನುಷ್ಯ ಇದೇ ವಿಮಾನದಲ್ಲಿ ಬಂದಿರಬೇಕು ಅಂದುಕೊಂಡನಂತೆ. ನೋಡಿದರೆ ಅವರೆಲ್ಲ ಬಂದಿದ್ದು ಇವನಿಗಾಗಿ. ತಮಾಷೆ ಅಂದ್ರೆ ಸ್ವಂತ ದೇಶದಲ್ಲಿ ಅವನ ಹೆಸರು ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ವಾಯ್ಸ್ ಆಫ್ ಅಮೆರಿಕದ ಪ್ರಸಾರವನ್ನು ಅಮೆರಿಕದೊಳಗೆ ಹಂಚಲು ಅಲ್ಲಿನ ಕಾನೂನೇ ಬಿಡುತ್ತಿರಲಿಲ್ಲ.

ಅದೇ 1959ರ ಅಕ್ಟೋಬರಿನಲ್ಲಿ ಅದೇ ರೇಡಿಯೋ 'ಸ್ಪೆಷಲ್ ಇಂಗ್ಲಿಷ್' ಅಂತ ಇನ್ನೊಂದು ಪ್ರಸಾರ ಶುರು ಮಾಡಿತು. ಸುಮಾರು 1500 ಪದ, ಚಿಕ್ಕ ವಾಕ್ಯ, ಮಾಮೂಲಿಗಿಂತ ನಿಧಾನದ ಓದು. ಅಂದ್ರೆ ಹಾಡಿನ ಜೊತೆಗೆ ಕಾನೋವರ್ ಮಾಡುತ್ತಿದ್ದದ್ದನ್ನು ಇಲ್ಲಿ ಲೆಕ್ಕ ಹಾಕಿ, ನಿಯಮ ಮಾಡಿ ಮಾಡಿದರು.

ಈಗ ನನ್ನ ಪ್ರಶ್ನೆ. ಹಾಡಿನಿಂದ ಪದ ನಿಜಕ್ಕೂ ತಲೆಗೆ ಹೋಗುತ್ತಾ?

ನಮ್ಮ ಹಿರಿಯರನ್ನು ಕೇಳಿದರೆ ಇದೆಂಥ ಪ್ರಶ್ನೆ ಅಂತ ಬೈಯ್ತಾರೆ. ಅಮರಕೋಶ ಏನು? ಅದು ಸಂಸ್ಕೃತದ ಪದಗಳ ಕೋಶ, ಆದರೆ ಇರೋದು ಶ್ಲೋಕದಲ್ಲಿ. ನಮ್ಮ ರನ್ನನ ಹೆಸರಿನಲ್ಲಿರುವ ರನ್ನಕಂದವೂ ನಿಘಂಟೇ, ಅದರ ಪದಗಳಿರೋದು ಕಂದಪದ್ಯದಲ್ಲಿ. ಪುಸ್ತಕ ತೆರೆದು ಹುಡುಕುವ ನಿಘಂಟು ಅಲ್ಲ ಅವು, ರಾಗವಾಗಿ ಹೇಳಿ ಹೇಳಿ ಬಾಯಲ್ಲಿ ಇಟ್ಟುಕೊಳ್ಳುವ ನಿಘಂಟು. ಮಗ್ಗಿಯನ್ನು ನಾವು ಹಾಡಿಯೇ ಕಲಿತದ್ದು. ಈಗಲೂ ಹದಿನೇಳೆಂಟ್ಲ ಎಷ್ಟು ಅಂದ್ರೆ ನನಗೆ ರಾಗ ಹಿಡಿದೇ ಉತ್ತರ ಬರೋದು, ಕ್ಯಾಲ್ಕುಲೇಟರ್ ಎದುರಿಗಿದ್ದರೂ.

ವಿಜ್ಞಾನಿಗಳೂ ಇದನ್ನು ಪರೀಕ್ಷೆ ಮಾಡಿದ್ದಾರೆ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 60 ಮಂದಿ ವಯಸ್ಕರನ್ನು ಮೂರು ಗುಂಪು ಮಾಡಿ, ಅವರಿಗೆ ಗಂಧಗಾಳಿಯಿಲ್ಲದ ಹಂಗೇರಿಯನ್ ಭಾಷೆಯ ಚಿಕ್ಕ ಚಿಕ್ಕ ಮಾತುಗಳನ್ನು ಕಾಲು ಗಂಟೆ ಕಲಿಸಿದರು. ಒಂದು ಗುಂಪು ಸುಮ್ಮನೆ ಮಾತಿನಂತೆ ಹೇಳಿತು, ಇನ್ನೊಂದು ತಾಳಕ್ಕೆ ಹೇಳಿತು, ಮೂರನೆಯದು ಹಾಡಿತು. ಆಮೇಲೆ ಪರೀಕ್ಷೆ ಇಟ್ಟಾಗ, ಆ ಮಾತುಗಳನ್ನು ಹಂಗೇರಿಯನ್‌ನಲ್ಲಿ ನೆನಪಿಟ್ಟು ಹೇಳುವುದರಲ್ಲಿ ಹಾಡಿದವರೇ ಮುಂದಿದ್ದರು. ಆದರೆ ಗಮನಿಸಿ. ಅಲ್ಲಿ ಪ್ರತಿ ಮಾತಿನ ಅರ್ಥವನ್ನೂ ಜೊತೆಗೇ ಕೊಟ್ಟಿದ್ದರು. ನಮ್ಮ ಹಾಸ್ಟೆಲ್ ರೂಮಿನಲ್ಲಿ ಆ ಸೌಲಭ್ಯ ಇರಲಿಲ್ಲ.

ಟಿಮ್ ಮರ್ಫಿ ಎಂಬ ಭಾಷಾಶಿಕ್ಷಕ ಇನ್ನೊಂದು ಕೆಲಸ ಮಾಡಿದ. 1987ರಲ್ಲಿ ಜನಪ್ರಿಯವಾಗಿದ್ದ 50 ಇಂಗ್ಲಿಷ್ ಪಾಪ್ ಹಾಡುಗಳನ್ನು ಹಿಡಿದು ಪದ ಪದ ಎಣಿಸಿದ. ಸುಲಭದ ಪದ, ಪದೇ ಪದೇ ಅವೇ ಪದ, ಮಾತಿಗಿಂತ ನಿಧಾನದ ಓಟ. ಎಲ್ಲಕ್ಕಿಂತ ಮಜಾ ಏನಂದ್ರೆ, ಹೆಚ್ಚಿನ ಹಾಡುಗಳಲ್ಲಿ 'ನಾನು' ಮತ್ತು 'ನೀನು' ತುಂಬಿ ತುಳುಕುತ್ತಾರೆ, ಆದರೆ ಆ ನಾನು ಯಾರು, ನೀನು ಯಾರು, ಯಾವ ಊರು, ಯಾವ ಕಾಲ, ಒಂದೂ ಇರೋದಿಲ್ಲ. ಹಾಗಾಗಿ ಕೇಳುವವನು ತನಗೆ ಬೇಕಾದವರನ್ನು ಅಲ್ಲಿ ಕೂರಿಸಿಕೊಳ್ಳಬಹುದು. ಲೆನಿನ್‌ಗ್ರಾಡಿನ ಹುಡುಗ ಅವನ ಹುಡುಗಿಯನ್ನು, ಹಾವೇರಿಯ ಹುಡುಗ ಬಸ್‌ಸ್ಟಾಪಿನಲ್ಲಿ ಕಂಡವಳನ್ನು. ಪಠ್ಯಪುಸ್ತಕದ ಇಂಗ್ಲಿಷಿನಲ್ಲಿ ಹೀಗೆ ಒಳಗೆ ಹೋಗಿ ಕೂರಲು ನಮಗೆ ಜಾಗ ಸಿಕ್ಕಿರಲಿಲ್ಲ.

ಹಾಗಂತ ಹಾಡೊಂದೇ ಸಾಕು ಅನ್ನೋಕಾಗಲ್ಲ. ಇದಕ್ಕೆ ಸಾಕ್ಷಿ ಹೇಳಲು ಇಟಲಿಯ ಅದ್ರಿಯಾನೊ ಚೆಲೆಂತಾನೊ ಬರಬೇಕು. 1972ರಲ್ಲಿ ಆತ ಒಂದು ಹಾಡು ತಂದ. ಅದರ ಹೆಸರನ್ನು ಬರೆಯಲು ನನ್ನ ಕೀಬೋರ್ಡಿಗೂ ಕಷ್ಟ, 'ಪ್ರಿಸೆಂಕೊಲಿನೆನ್ಸಿನೈನ್ಚುಸೊಲ್'. ಕೇಳಿದರೆ ಅಪ್ಪಟ ಅಮೆರಿಕನ್ ಇಂಗ್ಲಿಷು. ಆದರೆ ಅದು ಯಾವ ಭಾಷೆಯೂ ಅಲ್ಲ! ಇಂಗ್ಲಿಷ್ ಬಾರದ ಇಟಲಿಯವನ ಕಿವಿಗೆ ಇಂಗ್ಲಿಷ್ ಹಾಡು ಹೇಗೆ ಕೇಳುತ್ತದೋ ಹಾಗೆ ಸದ್ದು ಕಟ್ಟಿದ್ದ, ಅಷ್ಟೇ. ಮೊದಲ ಸಲ ಇದನ್ನು ಯೂಟ್ಯೂಬಿನಲ್ಲಿ ನೋಡಿದಾಗ ನಾನು ನಗಲಿಲ್ಲ. ಬಿಇ ಮೊದಲ ವರ್ಷದ ಕ್ಲಾಸುಗಳು ನನಗೆ ಹೀಗೇ ಕೇಳುತ್ತಿದ್ದವು.

ಸದ್ದು ಬರುತ್ತೆ, ಅರ್ಥ ಬರಲ್ಲ. ಅರ್ಥ ಬೇಕಾದರೆ ಪದ ಯಾವುದು ಅಂತ ತಿಳೀಬೇಕು. ಅದಕ್ಕೆ ಅಕ್ಷರ ಕಣ್ಣಿಗೆ ಬೀಳಬೇಕು. ಬೀಟಲ್ಸ್ 1967ರಲ್ಲಿ ತಂದ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಆಲ್ಬಮ್ಮಿನ ಹೊದಿಕೆಯ ಹಿಂಬದಿಯಲ್ಲಿ ಹಾಡುಗಳ ಪೂರ್ತಿ ಸಾಹಿತ್ಯ ಅಚ್ಚಾಗಿತ್ತು. ಆಗ ಅದು ಹೊಸ ಪದ್ಧತಿ. ಅಲ್ಲಿಯ ತನಕ ಪಾಪ್ ಹಾಡು ಕೇಳುವುದಕ್ಕೆ ಮಾತ್ರ, ಓದುವುದಕ್ಕಲ್ಲ. ಇಂಗ್ಲಿಷ್ ತಾಯ್ನುಡಿಯವರೇ ಹಾಡು ತಪ್ಪು ಕೇಳಿಸಿಕೊಳ್ಳುತ್ತಾರೆ ಅನ್ನೋದಕ್ಕೆ ಅವರ ಭಾಷೆಯಲ್ಲೇ ಒಂದು ಪದವಿದೆ, 'ಮಾಂಡಗ್ರೀನ್' ಅಂತ. ಸಿಲ್ವಿಯಾ ರೈಟ್ ಎಂಬ ಅಮೆರಿಕದ ಲೇಖಕಿ ಚಿಕ್ಕಂದಿನಲ್ಲಿ ತಾಯಿ ಓದುತ್ತಿದ್ದ ಒಂದು ಹಳೇ ಲಾವಣಿಯಲ್ಲಿ ಲೇಡಿ ಮಾಂಡಗ್ರೀನ್ ಎಂಬ ಹೆಂಗಸು ಇದ್ದಾಳೆ ಅಂತಲೇ ನಂಬಿದ್ದಳು. ನಿಜವಾಗಿ ಅಲ್ಲಿ ಇದ್ದದ್ದು ಸತ್ತವನನ್ನು ಹುಲ್ಲಿನ ಮೇಲೆ ಮಲಗಿಸಿದ ಮಾತು, ಹೆಂಗಸೇ ಇಲ್ಲ. 1954ರಲ್ಲಿ ಆಕೆ ಈ ಬಗ್ಗೆ ಬರೆದ ಪ್ರಬಂಧದಿಂದ ಆ ಪದ ಹುಟ್ಟಿತು. ನಮ್ಮ ಕಾಸು ಕೂಡ ಒಂದು ಮಾಂಡಗ್ರೀನ್ ಅಂತ ಗೊತ್ತಾದಾಗ ಅರ್ಧ ನಾಚಿಕೆ ಅಲ್ಲಿಗೇ ಇಳೀತು.

ಹಾಡಿನ ಕೆಳಗೆ ಅಕ್ಷರ ಬರೆಯುವ ಉಪಾಯ ನಮ್ಮ ದೇಶದಲ್ಲಿ ಇನ್ನೂ ದೊಡ್ಡ ಕೆಲಸಕ್ಕೆ ಬಂತು. ಬ್ರಿಜ್ ಕೊಠಾರಿ ಎಂಬವರು ಅಮೆರಿಕದಲ್ಲಿ ಓದುತ್ತಿದ್ದಾಗ ಗೆಳೆಯರ ಜೊತೆ ಸ್ಪ್ಯಾನಿಷ್ ಸಿನಿಮಾ ನೋಡ್ತಾ ಇದ್ದರು. ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಸ್ಪ್ಯಾನಿಷ್ ಮಾತಿಗೆ ಸ್ಪ್ಯಾನಿಷ್ ಅಕ್ಷರವೇ ಬಂದಿದ್ದರೆ ಭಾಷೆ ಕಲಿಯಲು ಸುಲಭ ಇತ್ತಲ್ಲ ಅಂತ ಅವರಿಗೆ ಹೊಳೀತು. ಹಾಗೇ ಹಿಂದಿ ಹಾಡಿಗೆ ಹಿಂದಿ ಅಕ್ಷರ ಹಾಕಿದರೆ ಅರೆಬರೆ ಓದು ಬರುವವರು ಓದುವುದನ್ನು ರೂಢಿ ಮಾಡಿಕೊಳ್ಳಬಹುದಲ್ಲ ಅಂತಲೂ. ಅಹಮದಾಬಾದಿನ ಐಐಎಂ ಸೇರಿದ ಮೇಲೆ 1999ರಲ್ಲಿ ಗುಜರಾತಿ ದೂರದರ್ಶನದ ಚಿತ್ರಗೀತೆಗಳಿಗೆ, 2002ರಲ್ಲಿ 'ಚಿತ್ರಹಾರ್' ಕಾರ್ಯಕ್ರಮಕ್ಕೆ ಇದನ್ನು ತಂದರು. ಹಾಡು ಮೊದಲೇ ಬಾಯಿಗೆ ಬರುತ್ತಿರುತ್ತದೆ, ಕಣ್ಣು ತಾನಾಗಿ ಅಕ್ಷರದ ಹಿಂದೆ ಹೋಗುತ್ತದೆ. ಅಷ್ಟೇ ಸೂತ್ರ.

ನಮ್ಮ ಕನ್ನಡದಲ್ಲಿ ಹಾಡಿನಿಂದ ಬಂದ ಇಂಗ್ಲಿಷ್ ಅಂದ್ರೆ ನೆನಪಾಗೋದು 1978ರ 'ಆಪರೇಷನ್ ಡೈಮಂಡ್ ರಾಕೆಟ್'. ಅದರಲ್ಲಿ ರಾಜ್‌ಕುಮಾರ್ ಒಂದು ಇಡೀ ಹಾಡನ್ನು ಇಂಗ್ಲಿಷಿನಲ್ಲಿ ಹಾಡಿದ್ದಾರೆ. ಅಣ್ಣಾವ್ರ ಶಾಲೆ ಓದು ಪ್ರಾಥಮಿಕ ಹಂತದಲ್ಲೇ ನಿಂತುಹೋಗಿತ್ತು. ನಮ್ಮೂರ ಗಣೇಶನ ಪೆಂಡಾಲಿನಲ್ಲಿ ಆ ಹಾಡು ಬಂದರೆ, ಇಂಗ್ಲಿಷ್ ಅಂದ್ರೆ ಹೆದರಿ ಓಡುವವರೂ ನಿಂತು ಜೊತೆಗೆ ಹಾಡುತ್ತಿದ್ದರು. ವ್ಯಾಕರಣ ಕೇಳುವ ಮೇಷ್ಟ್ರು ಅಲ್ಲಿಲ್ಲ. ಅಣ್ಣಾವ್ರೇ ಹಾಡಿದಾರೆ ಅಂದ್ಮೇಲೆ ನಮಗೇನು ಭಯ ಅನ್ನೋ ಧೈರ್ಯ.

ಬರೆಯುತ್ತಾ ಬರೆಯುತ್ತಾ ನನಗೆ ಅರ್ಥವಾದದ್ದು ಇಷ್ಟು. ಹಾಡು ಭಯ ಬಿಡಿಸುತ್ತೆ, ನಾಲಿಗೆ ತಿರುಗಿಸುತ್ತೆ. ಅದರ ಮುಂದಿನ ಕೆಲಸಕ್ಕೆ ಯಾರಾದರೂ ಬೇಕು. ಪೋಲೆಂಡಿನ ಹುಡುಗರಿಗೆ ನಿಧಾನವಾಗಿ ಮಾತಾಡುವ ಕಾನೋವರ್ ಇದ್ದ. ಆಲ್ಬಮ್ ಕೊಂಡವರಿಗೆ ಅಚ್ಚಾದ ಸಾಹಿತ್ಯ ಇತ್ತು. ನನಗೆ ಮೂರನೇ ಸೆಮಿಸ್ಟರಿನಲ್ಲಿ ಒಬ್ಬ ಬೆಂಗಳೂರಿನ ಕ್ಲಾಸ್‌ಮೇಟ್ ಸಿಕ್ಕ. ನಗದೆ, ನೋಟ್‌ಬುಕ್ ಹಿಡಿದು ಪದ ಪದ ತಿದ್ದಿಕೊಟ್ಟ. ವಾನಾ, ಗೊನಾ ಅವನಿಗೂ ಸರಿ ಅಂತಲೇ ಕಂಡಿದ್ದವು, ಅದು ಬೇರೆ ಮಾತು.

ನನ್ನ ರೂಮ್‌ಮೇಟಿಗೆ ಅಷ್ಟು ಹೊತ್ತಿಗೆ ತಡವಾಗಿತ್ತು. ಮೊದಲ ವರ್ಷ ನಾಲ್ಕು ಸಬ್ಜೆಕ್ಟ್ ಹೋದವು. ಅದರಲ್ಲಿ ಗಣಿತವೂ ಒಂದು. ಗಣಿತ! ಲೆಕ್ಕ ಬರುತ್ತಿತ್ತು, ಪ್ರಶ್ನೆ ಏನು ಕೇಳಿದೆ ಅಂತ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಇನ್ನೊಂದು ವರ್ಷದ ಫೀಸಿಗೆ ದುಡ್ಡೂ ಇರಲಿಲ್ಲ. ಟ್ರಂಕು ಹೊತ್ತು ಮೆಜೆಸ್ಟಿಕ್ಕಿನಲ್ಲಿ ಬಸ್ ಹತ್ತುವಾಗ ನೋಟ್‌ಬುಕ್ಕು ನನ್ನ ಕೈಗೇ ಕೊಟ್ಟ. 'ನಿಂಗ ಬೇಕಾಗ್ತದ, ಇಟ್ಕೋ' ಅಂದ. ಕಾಲೇಜು ಡೇ ದಿನ ಸ್ಟೇಜ್ ಹತ್ತಿ ಇಂಗ್ಲಿಷ್ ಹಾಡು ಹಾಡಿ ಶಿಳ್ಳೆ ಹೊಡೆಸಿಕೊಂಡವನು ಅವನು. ಅವತ್ತು ಅವನ ಉಚ್ಚಾರಣೆ ಕೇಳಿದ ಯಾರೂ, ಇವನಿಗೆ ಅದರಲ್ಲಿ ಹತ್ತು ಪದದ ಅರ್ಥವೂ ಗೊತ್ತಿಲ್ಲ ಅಂತ ಅಂದುಕೊಂಡಿರಲಾರರು. ನಾನೂ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಯಾರಾದರೂ ಮೊದಲೇ ಕೂತು ಕಲಿಸುತ್ತಿದ್ದರೇನೋ ಅಂತ ಈಗ ಅನ್ನಿಸುತ್ತೆ.

ಈಗ ಅವನು ಊರಲ್ಲಿ ಗೊಬ್ಬರ, ಬೀಜದ ಅಂಗಡಿ ಇಟ್ಟಿದ್ದಾನೆ. ಚೆನ್ನಾಗಿದ್ದಾನೆ. ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದಾನೆ. ಹೋದ ತಿಂಗಳು ವಾಟ್ಸಾಪಿನಲ್ಲಿ ಒಂದು ವಾಯ್ಸ್ ಮೆಸೇಜ್ ಬಂತು. ಮಗು 'ಲಿಟಲ್ ಮಿಸ್ ಮಫೆಟ್' ಹಾಡ್ತಾ ಇದೆ. ಹಿಂದೆಯೇ ಅವನ ದನಿ, 'ದೋಸ್ತ, ಟಫೆಟ್ ಅಂದ್ರ ಏನು? ಮಗಳು ಕೇಳಾಕತ್ತಾಳ.'

ದಿನವಿಡೀ ಇಂಗ್ಲಿಷಿನಲ್ಲೇ ಕೆಲಸ ಮಾಡುವ ನನಗೆ ಗೊತ್ತಿರಲಿಲ್ಲ. ನಿಘಂಟು ನೋಡಿದೆ. ಕುಳ್ಳಗಿನ ಮಣೆಯಂಥ ಆಸನ, ಇಲ್ಲವೇ ಹುಲ್ಲಿನ ದಿಬ್ಬ. ಆ ಶಿಶುಗೀತೆಯಿಂದಾಗಿಯೇ ಉಳಿದುಕೊಂಡಿರುವ ಪದ ಅದು, ಇಂಗ್ಲೆಂಡಿನ ಮಕ್ಕಳೂ ಹಾಡಿನ ಹೊರಗೆ ಅದನ್ನು ಬಳಸುವುದು ಕಡಿಮೆ. ಅಷ್ಟನ್ನೂ ಬರೆದು ಕಳಿಸಿದೆ. ಆಮೇಲೆ, ಮಗಳು ಹೀಗೆ ಏನೇ ಕೇಳಿದರೂ ಕಳಿಸು, ನಾಚಿಕೆ ಮಾಡ್ಕೋಬೇಡ ಅಂತಲೂ ಸೇರಿಸಿದೆ.

ಎರಡು ನೀಲಿ ಗೆರೆ ಬಂತು. ಸ್ವಲ್ಪ ಹೊತ್ತಿಗೆ ಅವನ ಉತ್ತರ, ಕನ್ನಡ ಅಕ್ಷರದಲ್ಲಿ, 'ಕಳಿಸ್ತೀನಿ, ಆದ್ರ ಕಾಸ್ ಕೇಳಬ್ಯಾಡ.'